ಉಸ್ತಾದರು ಮತ್ತು ಎರಡನೇ ನಂಬರಿನ ಡ್ರೈವ್

ಉಸ್ತಾದರ ಬಲಗಿವಿಯ ಮುಂದೆ, ಕೆನ್ನೆಯ ಎಲುಬು ಶುರುವಾಗುವ ಕಡೆ, ನಾಲ್ಕಾಣೆಯಗಲದ ಜಡ್ಡುಗಟ್ಟಿದ ಕಪ್ಪು ಗುರುತಿತ್ತು. ಸ್ಕ್ರೂಡ್ರೈವರಿನ ಹಿಡಿ ಒತ್ತಿ ಒತ್ತಿ ಆದದ್ದು. ಮೊಳದುದ್ದದ ಆ ಸ್ಕ್ರೂಡ್ರೈವರಿನ ತುದಿಯನ್ನು ತಿರುಗುವ ಮೋಟಾರಿನ ಮೈಗೆ ಆನಿಸಿ, ಹಿಡಿಯನ್ನು ಕಿವಿಯ ಹತ್ತಿರ ಒತ್ತಿಕೊಂಡು, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. "ಬೇರಿಂಗು ಅಳ್ತೈತೆ. ಇನ್ನು ಹದಿನೈದು ದಿನ" ಎನ್ನುವರು. ಹದಿನೈದು ದಿನಕ್ಕೆ ಸರಿಯಾಗಿ ಅದು ಕೂಗಿಕೊಂಡು ಕೂರುತ್ತಿತ್ತು.

ದಿನದಲ್ಲಿ ಅವರು ಅಲುಗಾಡದೆ ನಿಲ್ಲುತ್ತಿದ್ದದ್ದು ಅಷ್ಟೇ ಹೊತ್ತು. ಉಳಿದ ಹೊತ್ತೆಲ್ಲ ಓಡಾಟ. ರೊಟ್ಟಿಯನ್ನು ಸುರುಳಿ ಸುತ್ತಿ ಕೈಯಲ್ಲಿ ಹಿಡಿದು, ಯಂತ್ರಗಳ ಸಾಲಿನಲ್ಲಿ ನಡೆಯುತ್ತಲೇ ತಿನ್ನುತ್ತಿದ್ದರು. ದಾವಣಗೆರೆಯಿಂದ ಹರಿಹರಕ್ಕೆ ನಾವಿಬ್ಬರೂ ಒಂದೇ ರೈಲಿಗೆ ಹೋಗುತ್ತಿದ್ದೆವು. ಜಾಗ ಖಾಲಿ ಇದ್ದರೂ ಬಾಗಿಲ ಬಳಿಯೇ ನಿಂತು ಕಿಟಕಿಯ ಸರಳು, ಚಿಲಕ, ಏನಾದರೊಂದನ್ನು ಎಳೆದು ನೋಡುವರು. "ಕೂಡ್ರಿ ಉಸ್ತಾದ್" ಎಂದರೆ, "ಕುಂತ್ರೆ ಕಾಲು ಬೈತಾವ್ರಿ" ಎನ್ನುವರು. ನನಗೆ ನಗು ಬರುತ್ತಿತ್ತು.

ಎಂಬತ್ತರ ದಶಕದ ಕೊನೆಯ ವರ್ಷಗಳು. ನಾನು ಡಿಪ್ಲೊಮಾ ಮುಗಿಸಿ ಹರಿಹರದ ಒಂದು ನೂಲಿನ ಕಾರ್ಖಾನೆಯ ವಿದ್ಯುತ್ ವಿಭಾಗಕ್ಕೆ ಸೇರಿದ್ದೆ. ಆ ವಿಭಾಗಕ್ಕೆ ಬಂದ ಮೊದಲ ಹೆಣ್ಣುಮಗಳು ನಾನು, ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಉಸ್ತಾದರು ಅಲ್ಲಿಯ ಹಿರಿಯ ಎಲೆಕ್ಟ್ರಿಷಿಯನ್. ಮೊದಲು ದಾವಣಗೆರೆಯ ಹತ್ತಿ ಗಿರಣಿಯಲ್ಲಿದ್ದವರು. ಬೇರೆಯವರ ಎದುರಿಗೆ ನನ್ನನ್ನು "ಮೇಡಮ್ಮೋರೆ" ಎನ್ನುತ್ತಿದ್ದರು, ನಾವಿಬ್ಬರೇ ಇದ್ದಾಗ "ತಂಗೀ". ಓದು ಉರ್ದುವಿನಲ್ಲಿ ನಾಲ್ಕನೇ ಕ್ಲಾಸು, ಇಂಗ್ಲಿಷ್ ಅಕ್ಷರ ಬಾರದು. ಆದರೆ ಅವರು ಕೈ ಹಾಕಿದ ಯಂತ್ರ ಮತ್ತೆ ನಿಂತದ್ದನ್ನು ನಾನು ನೋಡಲಿಲ್ಲ.

ಆ ಮಳೆಗಾಲದಲ್ಲಿ ಯಂತ್ರಗಳ ಹೊಸ ಸಾಲಿನ ಎರಡನೇ ನಂಬರಿನ ಡ್ರೈವ್ ಸುಟ್ಟುಹೋಯಿತು. ಡ್ರೈವ್ ಎಂದರೆ ಮೋಟಾರಿನ ವೇಗವನ್ನು ಹಿಡಿತದಲ್ಲಿಡುವ ಕಬ್ಬಿಣದ ಪೆಟ್ಟಿಗೆ. ಆ ಸಾಲಿನಲ್ಲಿ ಅಂಥವು ನಾಲ್ಕು. ನಾಲ್ಕಕ್ಕೂ ಕಂಟ್ರೋಲ್ ರೂಮಿನಿಂದ ಎರಡೇ ಎರಡು ಸಣ್ಣ ತಂತಿಗಳು ಬಂದಿದ್ದವು. ಇಂಥ ನಂಬರು ಏಳು, ಇಂಥ ನಂಬರು ನಿಲ್ಲು ಎಂದು ಅಲ್ಲಿಂದ ಹೇಳುವುದೆಲ್ಲ ಆ ತಂತಿಗಳ ಮೇಲೇ ಬರುತ್ತಿತ್ತು. ಒಂದೊಂದು ಪೆಟ್ಟಿಗೆಯೂ ತನ್ನ ನಂಬರು ಕೇಳಿಸಿದರೆ ಮಾತ್ರ ಓಗೊಡಬೇಕು.

ಬದಲಿ ಪೆಟ್ಟಿಗೆ ಮುಂಬಯಿಯಿಂದ ಬಂತು. ಜೋಡಿಸಲು ಬರಬೇಕಾದವನು ಇನ್ನೂ ಎಂಟು ದಿನ ಬರುವುದಿಲ್ಲ ಎಂದು ಸುದ್ದಿ. ಸಾಲು ನಿಂತಿತ್ತು. ಮ್ಯಾನೇಜರು ಗಂಟೆಗೊಮ್ಮೆ ಬಂದು, "ಪುಸ್ತಕ ಓದೋಕೆ ಬರುತ್ತೆ ಅಲ್ಲೇನಮ್ಮಾ? ನೀನೇ ಮಾಡು" ಎಂದರು. ನಾನೇ ಮಾಡುತ್ತೇನೆ ಎಂದೆ. ಹೇಳದೆ ಗತಿಯೂ ಇರಲಿಲ್ಲ, ಒಳಗೊಳಗೆ ಆಸೆಯೂ ಇತ್ತು.

ಮೊದಲ ದಿನ ಪೆಟ್ಟಿಗೆ ಮೂಕವಾಗಿತ್ತು. ಎರಡು ತಂತಿಗಳು ಅದಲುಬದಲಾಗಿವೆ ಎಂದು ಸಂಜೆಗೆ ಗೊತ್ತಾಯಿತು. ಎರಡನೇ ದಿನ, ಕಂಟ್ರೋಲ್ ರೂಮು ಮಾತಾಡುವ ವೇಗವೇ ಬೇರೆ, ಪೆಟ್ಟಿಗೆ ಕೇಳುವ ವೇಗವೇ ಬೇರೆ ಎಂದು ತಿಳಿದು ಎರಡನ್ನೂ ಒಂದು ಮಾಡಿದೆ. ಪೆಟ್ಟಿಗೆಯ ಮೇಲಿನ ಹಸಿರು ದೀಪ ಮಿಟುಕಿತು. ನಂಬರು ಕೂರಿಸಲು ಒಳಗೆ ಅಕ್ಕಿಕಾಳಿನಷ್ಟು ಗಾತ್ರದ ನಾಲ್ಕು ಸ್ವಿಚ್ಚುಗಳಿದ್ದವು. ಹಳೆಯ ಪೆಟ್ಟಿಗೆಯಲ್ಲಿ ಹೇಗಿದ್ದವೋ ಹಾಗೆಯೇ ಇಟ್ಟೆ. ಅಲ್ಲೇ ನಾನು ತಪ್ಪಿದ್ದು.

ಉಸ್ತಾದರು ಮಾತ್ರ ಬೆಳಿಗ್ಗೆಯೇ ಮೋಟಾರಿಗೆ ಹೋಗುವ ಮೂರು ದೊಡ್ಡ ಫ್ಯೂಸುಗಳನ್ನು ಕಿತ್ತು ಜೇಬಿಗೆ ಹಾಕಿಕೊಂಡಿದ್ದರು. ಪೆಟ್ಟಿಗೆಯ ದೀಪ ಉರಿಯುವಷ್ಟು ಕರೆಂಟು ಬೇರೆ ದಾರಿಯಿಂದ ಬರುತ್ತಿತ್ತು.

"ಫ್ಯೂಸು ಹಾಕ್ರಿ ಉಸ್ತಾದ್, ಮೋಟಾರು ತಿರುಗಿಸಿ ನೋಡಬೇಕು" ಎಂದೆ.

"ನಿಮ್ಮ ಡಬ್ಬಿ ಮೊದ್ಲು ಸರಿಯಾಗಿ ಮಾತಾಡ್ಲಿ ತಂಗೀ. ಮೋಟಾರು ಎಲ್ಲಿಗೂ ಓಡಿ ಹೋಗಲ್ಲ."

"ಹೊತ್ತಾಗ್ತೈತ್ರಿ! ಮ್ಯಾನೇಜರು ನನ್ನ ಬೈತಾರೆ, ನಿಮ್ಮನ್ನಲ್ಲ."

"ಬೈಸ್ಕೊಳ್ರಿ" ಎಂದು ಅತ್ತ ನಡೆದುಬಿಟ್ಟರು. ನನಗೆ ಮೈಯೆಲ್ಲ ಉರಿಯಿತು. ಎರಡನೇ ನಂಬರನ್ನು ಏಳಿಸಿ ಎಂದು ಕಂಟ್ರೋಲ್ ರೂಮಿಗೆ ಫೋನು ಮಾಡಿದೆ. ಪೆಟ್ಟಿಗೆ ಓಗೊಡಲಿಲ್ಲ. ಮತ್ತೆ ಪುಸ್ತಕ ತೆರೆದು ಕೂತೆ.

ಸಾಲು ನಿಂತೇ ಇದೆಯಲ್ಲ ಎಂದು ಕೆಲಸದವನೊಬ್ಬ ಎರಡನೇ ಮೋಟಾರಿನ ರೋಲರುಗಳ ನಡುವೆ ಕೈ ತೂರಿಸಿ, ಸುತ್ತಿಕೊಂಡಿದ್ದ ನೂಲು ಬಿಡಿಸುತ್ತಿದ್ದ. ಉಸ್ತಾದರು ತಿರುಗಿ ಬಂದವರು ನನ್ನ ಪೆಟ್ಟಿಗೆಗೇ ಸ್ಕ್ರೂಡ್ರೈವರ್ ಆನಿಸಿ ಕಿವಿ ಕೊಟ್ಟರು. "ತಂತಿಯೊಳಗಿನ ಮಾತು ಅದರಾಗ ಕೇಳ್ಸಲ್ರಿ" ಎಂದು ಸಿಡುಕಿದೆ.

ಅವರು ಥಟ್ಟನೆ ಕಣ್ಣು ಬಿಟ್ಟರು. "ಟಕ್ ಅಂತು. ಎರಡನೇದನ್ನ ಯಾರು ಕರದ್ರು?"

"ಯಾರೂ ಇಲ್ಲ."

"ಇದು ಎದ್ದೈತೆ ತಂಗೀ." ಅಷ್ಟು ಹೊತ್ತಿಗೆ ಸಾಲಿನ ಕೊನೆಯಲ್ಲಿ ನಾಲ್ಕನೇ ಮೋಟಾರು ಗುಂಯ್ ಎಂದು ತಿರುಗತೊಡಗಿತ್ತು. ಅದನ್ನು ಒರೆಸಿ ಮುಗಿದಿತ್ತೆಂದು ಕಂಟ್ರೋಲ್ ರೂಮಿನವ ಏಳಿಸಿ ನೋಡಿದ್ದ. ಉಸ್ತಾದರು ಅತ್ತ ನೋಡಿದರು, ಇತ್ತ ನೋಡಿದರು. "ನಾಕನೇದನ್ನ ಕರದ್ರೆ ಇದೂ ಓ ಅಂತೈತೆ" ಎಂದರು.

ಫೋನು ಮಾಡಿ ನಾಲ್ಕನ್ನು ನಿಲ್ಲಿಸಿದೆವು. ಪುಸ್ತಕವನ್ನು ಮತ್ತೆ ಮೊದಲಿಂದ ತಿರುವಿಹಾಕಿದೆ. ಕೊನೆಯ ಹಾಳೆಯೊಂದರಲ್ಲಿ ಸಣ್ಣಕ್ಷರದಲ್ಲಿತ್ತು: ಈ ಹೊಸ ಮಾದರಿಯಲ್ಲಿ ಸ್ವಿಚ್ಚುಗಳನ್ನು ಎಡದಿಂದಲ್ಲ, ಬಲದಿಂದ ಎಣಿಸಬೇಕು. ಹಳೆಯದರ ಎರಡು ಹೊಸದರಲ್ಲಿ ನಾಲ್ಕು. ಫ್ಯೂಸುಗಳು ಇದ್ದಿದ್ದರೆ ರೋಲರು ತಿರುಗುತ್ತಿತ್ತು, ಆ ಮನುಷ್ಯನ ಕೈಗಳೊಂದಿಗೆ. ಉಸ್ತಾದರು ಅವನನ್ನು ಕರೆದು ಏನಾಯಿತೆಂದು ಹೇಳಿದರು. ಅವನು ಎರಡೂ ಕೈ ತಿರುಗಿಸಿ ತಿರುಗಿಸಿ ನೋಡಿಕೊಂಡ.

ಸ್ವಿಚ್ಚು ಸರಿಮಾಡಿದೆ. ಸಂಜೆಗೆ ಸಾಲು ಓಡಿತು. ಪಾಳಿಯ ದಾಖಲೆ ಪುಸ್ತಕದಲ್ಲಿ ನಾನು ಇಂಗ್ಲಿಷಿನಲ್ಲಿ ಒಂದು ಸಾಲು ಬರೆದೆ. ಉಸ್ತಾದರು ಬೆನ್ನ ಹಿಂದೆ ಓಡಾಡುತ್ತಿದ್ದರು.

"ಏನು ಬರದ್ರಿ? ಕನ್ನಡದಾಗ ಹೇಳ್ರಿ."

"ಪರೀಕ್ಷೆಯ ವೇಳೆ ದೋಷ ಕಂಡುಬಂತು, ಸರಿಪಡಿಸಲಾಯಿತು."

"ಕಂಡುಬಂತು ಅಂದ್ರೇನು? ತಾನಾಗೇ ಬಂತೇನು?"

ನಾನು ದನಿ ತಗ್ಗಿಸಿದೆ. "ಯಾರಿಗೂ ಏನೂ ಆಗಿಲ್ವಲ್ರಿ ಉಸ್ತಾದ್. ನನ್ನ ಕೆಲಸ ಇನ್ನೂ ಕಾಯಂ ಆಗಿಲ್ಲ. ಬಿಟ್ಬಿಡ್ರಿ."

ಅವರ ಮುಖ ನಾನು ಎಂದೂ ನೋಡಿರದ ಹಾಗಾಯಿತು. "ಸ್ವಿಚ್ಚು ಯಾರು ತಪ್ಪಾಗಿ ಇಟ್ರು, ಯಾರ ಕೈ ಒಳಗಿತ್ತು, ಎಲ್ಲಾ ಬರೀರಿ. ನೀವು ಬರೀದಿದ್ರೆ ನಾನು ಬಾಯಾಗ ಹೇಳ್ತೀನಿ. ಬರೀರಿ, ಕೆಳಗ ನಾನೂ ಸಹಿ ಹಾಕ್ತೀನಿ."

ಬರೆದೆ. ಅಳುತ್ತಲೇ ಬರೆದೆ. ಅವರು ಕೆಳಗೆ ಉರ್ದುವಿನಲ್ಲಿ ಸಹಿ ಹಾಕಿದರು.

ಮರುದಿನ ಮ್ಯಾನೇಜರು ಎಲ್ಲರೆದುರು, "ಇದಕ್ಕೇ ಹೆಣ್ಮಕ್ಕಳು ಬ್ಯಾಡ ಅಂದಿದ್ದೆ" ಎಂದರು. ಕಾಯಂ ಆಗುವುದು ಮೂರು ತಿಂಗಳು ಮುಂದಕ್ಕೆ ಹೋಯಿತು. ಮನೆಯಲ್ಲಿ ಏನು ಹೇಳಬೇಕೋ ತಿಳಿಯದೆ ದಿನ ತಳ್ಳಿದೆ. ಆ ಮೂರು ತಿಂಗಳೂ ನಾನು ಉಸ್ತಾದರ ಜೊತೆ ಕೆಲಸಕ್ಕೆ ಬೇಕಾದಷ್ಟು ಬಿಟ್ಟು ಒಂದು ಮಾತೂ ಆಡಲಿಲ್ಲ. ರೈಲಿನಲ್ಲಿ ಬೇರೆ ಡಬ್ಬಿ ಹತ್ತುತ್ತಿದ್ದೆ.

ಕಾಯಂ ಪತ್ರ ಕೈಗೆ ಬಂದ ದಿನ, ಹರಿಹರ ಸ್ಟೇಷನ್ನಿನ ಎದುರಿನ ಚಹಾದ ಹೋಟೆಲಿನಿಂದ ಉಸ್ತಾದರು ಕರೆದರು. "ಬರ್ರಿ ತಂಗೀ. ಆ ಸ್ವಿಚ್ಚಿನ ಲೆಕ್ಕ ನನಗೂ ಹೇಳ್ಕೊಡ್ರಿ." ಸಿಟ್ಟಿನಲ್ಲೇ ಹೋದೆ. ನಾಲ್ಕು ಖಾಲಿ ಗ್ಲಾಸು ಸಾಲಾಗಿಟ್ಟು, ನೆಟ್ಟಗಿದ್ದರೆ ಇದೆ, ಬೋರಲಿದ್ದರೆ ಇಲ್ಲ, ಮೊದಲನೆಯದಕ್ಕೆ ಒಂದು, ಆಮೇಲೆ ಎರಡು, ನಾಲ್ಕು, ಎಂಟು, ನೆಟ್ಟಗಿದ್ದವನ್ನು ಕೂಡಿದರೆ ನಂಬರು ಎಂದು ತೋರಿಸಿದೆ. ಅವರು ಗ್ಲಾಸುಗಳನ್ನು ಬೋರಲು ಹಾಕಿ ಎತ್ತಿ, ಹದಿನೈದರವರೆಗೂ ಮಾಡಿ ನೋಡಿದರು. ಆಮೇಲೆ ಎದ್ದು ಬಾಗಿಲವರೆಗೆ ಹೋಗಿ ತಿರುಗಿ ಬಂದರು. ಕೂರಲಿಲ್ಲ.

"ಮಿಲ್ನಾಗ ನನ್ನ ಜೋಡಿ ಆವರಗೆರೆಯವನೊಬ್ಬ ಇದ್ದ" ಎಂದರು. "ಯಂತ್ರದೊಳಗ ಕೈ ಹಾಕಿದ್ದ. ಯಾರೋ 'ಹಾಕು' ಅಂದಂಗಾತು, ಸ್ವಿಚ್ ಹಾಕಿದೆ. ಅವನ ಬಲಗೈ ಹೋತು. ವಿಚಾರಣೆ ಆದಾಗ, ಸ್ವಿಚ್ ಮೊದ್ಲೇ ಆನ್ ಇತ್ತು, ಅವನೇ ನೋಡ್ಕಳದೆ ಕೈ ಹಾಕ್ದ ಅಂದುಬಿಟ್ಟೆ. ಅವನಿಗೆ ಎಚ್ಚರ ತಪ್ಪಿತ್ತು, ಏನೂ ನೆನಪಿರ್ಲಿಲ್ಲ. ಇಪ್ಪತ್ತು ವರ್ಷ ಆತು."

ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ.

"ನಿಮಗ ಬರೀರಿ ಅಂದೋನು ನಾನು. ನಾನು ಬರೀಲಿಲ್ಲ. ಆಯ್ತಾರ ಅವನ ಮನೀಗೆ ಹೋಗ್ತೀನಿ. ಒಬ್ಬನೇ ಹೋದ್ರೆ ಅರ್ಧ ದಾರೀಗೆ ತಿರುಗಿ ಬರ್ತೀನಿ. ನೀವೂ ಬರ್ರಿ."

ಭಾನುವಾರ ದಾವಣಗೆರೆ ಪಕ್ಕದ ಆವರಗೆರೆಗೆ ಹೋದೆವು. ಅವನು ಕೊಟ್ಟಿಗೆಯಲ್ಲಿ ಎಡಗೈಯಿಂದ ಎತ್ತಿಗೆ ಮೇವು ಹಾಕುತ್ತಿದ್ದ. "ಅರೆ ಉಸ್ತಾದ್! ಎಷ್ಟು ದಿನ ಆತು, ಕೂಡ್ರಿ" ಎಂದು ನಕ್ಕ. ಉಸ್ತಾದರು ನಿಂತುಕೊಂಡೇ ಹೇಳಿದರು. ಒಂದೂ ಬಿಡದೆ ಹೇಳಿದರು. ನೀರು ತಂದಿದ್ದ ಅವನ ಹೆಂಡತಿ ಚೊಂಬನ್ನು ನಮಗೆ ಕೊಡದೆ ಹಾಗೇ ಹಿಡಿದು ನಿಂತಳು.

ಅವನು ಕೈಯಲ್ಲಿದ್ದ ಮೇವನ್ನು ಕೆಳಗಿಟ್ಟ. "ಇಷ್ಟು ವರ್ಷ ನಾನೇ ಮೈಮೇಲೆ ಎಚ್ಚರ ಇಲ್ದೆ ಕೈ ಹಾಕ್ದೆ ಅಂದ್ಕಂಡಿದ್ನಲ್ಲೋ. ನಮ್ಮಪ್ಪ ಸಾಯೋತನಕ ನನ್ನ ಬೈದ. ಇವಳೂ ಬೈದ್ಲು. ನಾನೂ ಬೈಕಂಡೆ."

ಉಸ್ತಾದರು ಎರಡೂ ಕೈ ಮುಗಿದರು. ಅವನು ಎತ್ತಿನ ಕಡೆ ತಿರುಗಿ, "ಈಗ ಹೋಗ್ರಿ" ಎಂದ. ಅಷ್ಟೇ.

ದಾರಿಯುದ್ದಕ್ಕೂ ಅವರು ಎಷ್ಟು ಬಿರುಸಾಗಿ ನಡೆದರೆಂದರೆ ನಾನು ಓಡಿಯೇ ಸರಿಗಟ್ಟಬೇಕಾಯಿತು. ಗಿರಣಿಗೂ ಬರೆದುಕೊಡುತ್ತೇನೆಂದರು. ಅಷ್ಟರಲ್ಲಿ ಆ ಗಿರಣಿಯೇ ಮುಚ್ಚಿತ್ತು. ಆವರಗೆರೆಗೆ ಮತ್ತೆರಡು ಸಲ ಹೋಗಿದ್ದರಂತೆ. ಒಮ್ಮೆ ಬಾಗಿಲು ತೆರೆಯಲಿಲ್ಲ. ಇನ್ನೊಮ್ಮೆ ಏನಾಯಿತೆಂದು ಅವರು ಹೇಳಲಿಲ್ಲ, ಕೇಳುವ ಧೈರ್ಯ ನನಗಾಗಲಿಲ್ಲ.

ನಿವೃತ್ತಿಯಾದ ಎರಡನೇ ವರ್ಷ ಉಸ್ತಾದರು ತೀರಿಕೊಂಡರು. ಸುದ್ದಿ ನನಗೆ ತಲುಪುವಷ್ಟರಲ್ಲಿ ಮಣ್ಣಾಗಿತ್ತು. ಅವರ ಮನೆಯ ಹೆಂಗಸರ ನಡುವೆ ಒಂದಿಷ್ಟು ಹೊತ್ತು ಕೂತು ಎದ್ದುಬಂದೆ.

ಅದಾದ ಮೇಲೂ ನಾನು ಬಹಳ ವರ್ಷ ಅದೇ ಕೆಲಸ ಮಾಡಿದೆ. ತಪ್ಪು ಮಾಡಲೇ ಇಲ್ಲ ಎಂದು ಹೇಳಲಾರೆ. ಮಾಡಿದೆ, ಮಾಡಿದ ದಿನವೇ ನನ್ನ ಹೆಸರು ಹಾಕಿ ಬರೆದೆ. ಪ್ರತಿ ಸಲವೂ ಹೆದರುತ್ತಲೇ ಬರೆದೆ. ಆದರೆ ನನ್ನ ತಪ್ಪಿಗೆ ಇನ್ನೊಬ್ಬರು ತಮ್ಮನ್ನು ತಾವು ಬೈದುಕೊಂಡು ಬದುಕುವ ಹಾಗೆ ಮಾಡಲಿಲ್ಲ. ಅಷ್ಟನ್ನು ನನಗೆ ಕೊಟ್ಟವರು ಉಸ್ತಾದರು.