ಶವದ ಗಾಡಿಯ ಎದುರಿನ ಸೀಟು

ನಮ್ಮ ಇಗರ್ಜಿಗೆ ಇರುವುದು ಒಂದೇ ಗಾಡಿ. ಯಾರಾದರೂ ತೀರಿಕೊಂಡರೆ ಪೆಟ್ಟಿಗೆಯನ್ನು ಮನೆಯಿಂದ ಇಗರ್ಜಿಗೆ, ಅಲ್ಲಿಂದ ಸ್ಮಶಾನಕ್ಕೆ ಒಯ್ಯುವ ವ್ಯಾನು. ರಾತ್ರಿ ಹೊತ್ತು ಅದು ಸುಮ್ಮನೆ ನಿಂತಿರುತ್ತದಲ್ಲ ಎಂದು ಫಾದರ್ ಶನಿವಾರಗಳಂದು ಅದನ್ನು ನಮಗೆ ಕೊಟ್ಟರು. ಅದರಲ್ಲಿ ಹೊರಡುವವರು ನಾನು, ನಿವೃತ್ತಿಯಾದ ಒಬ್ಬ ಟೀಚರು ಮತ್ತು ಇಗರ್ಜಿಯ ಗಂಟೆ ಹೊಡೆಯುವವರು. ಗಾಡಿ ಬಿಡುವುದು ಅವರೇ. ದೊಡ್ಡ ಪಾತ್ರೆಯಲ್ಲಿ ಗಂಜಿ, ಉಪ್ಪಿನಕಾಯಿ, ಹಳೆಯ ಹೊದಿಕೆ, ಗಾಯಕ್ಕೆ ಕಟ್ಟುವ ಬಟ್ಟೆ. ತಲ್ಲೂರಿನಿಂದ ಕುಂದಾಪುರ ಬಸ್ ಸ್ಟ್ಯಾಂಡಿನವರೆಗೆ ಅಂಗಡಿ ಜಗಲಿಗಳ ಮೇಲೆ ರಾತ್ರಿ ಕಳೆಯುವವರನ್ನು ಮಾತಾಡಿಸಿಕೊಂಡು ಬರುತ್ತೇವೆ.

ಹೊರಡುವ ಮೊದಲು ವ್ಯಾನನ್ನು ಗುಡಿಸಿ ತೊಳೆಯುವುದು, ಬದಿಯಲ್ಲಿ ಬರೆದ ಶಿಲುಬೆ ಮತ್ತು 'ನಿತ್ಯ ವಿಶ್ರಾಂತಿ' ಎಂಬ ಅಕ್ಷರಗಳ ಮೇಲೆ ಬೆಡ್‌ಶೀಟು ಕಟ್ಟುವುದು ನಮ್ಮ ಪದ್ಧತಿ. ಜೀವ ಇದ್ದವರಿಗೆ ಅದು ಕಾಣಬಾರದು.

ಆ ಶನಿವಾರ ಸಂಜೆ ಒಂದು ಸಾವಿನ ಕೆಲಸ ತಡವಾಗಿ ಮುಗಿಯಿತು. ಗಂಜಿ ಆರುತ್ತದೆಂಬ ಗಡಿಬಿಡಿಯಲ್ಲಿ ಬೆಡ್‌ಶೀಟು ಕಟ್ಟಿದೆವು, ಒಳಗೆ ಗುಡಿಸಲಿಲ್ಲ.

ಬಸ್ ಸ್ಟ್ಯಾಂಡಿನ ಹತ್ತಿರ, ಮುಚ್ಚಿದ ಬಟ್ಟೆ ಅಂಗಡಿಯ ಮುಂದೆ ಮಲಗುವ ಒಬ್ಬರಿದ್ದರು. ಕೊಕ್ಕರ್ಣೆ ಕಡೆಯವರು. ಮುಂಬೈಯ ಹೋಟೆಲುಗಳಲ್ಲಿ ದೋಸೆ ಹೊಯ್ದು ಅರ್ಧ ಆಯುಷ್ಯ ಕಳೆದವರು. ಶುಗರ್ ಇತ್ತು, ಕಾಲಿನಲ್ಲಿ ಮಾಯದ ಗಾಯ ಇತ್ತು. ಗಾಯ ಒಣಗಲಿ, ಯಾವುದಾದರೂ ಹೋಟೆಲಿಗೆ ಸೇರುತ್ತೇನೆ ಎಂದು ಪ್ರತಿ ವಾರ ಹೇಳುತ್ತಿದ್ದರು. ಬಟ್ಟೆ ಕಟ್ಟಲು ಬಿಡುತ್ತಿದ್ದರು, ಆಸ್ಪತ್ರೆ ಎಂದರೆ ಮಾತು ಬದಲಿಸುತ್ತಿದ್ದರು.

ಅಂದು ನಾವು ಹೋದಾಗ ಮೈ ಕೆಂಡದ ಹಾಗೆ ಸುಡುತ್ತಿತ್ತು. ಹಲ್ಲು ಕಟಕಟ ಅನ್ನುತ್ತಿತ್ತು. ಕಟ್ಟು ಬಿಚ್ಚಿದರೆ ಬೆರಳುಗಳು ಕಪ್ಪಾಗಿವೆ. ಇನ್ನೊಂದು ವಾರ ಬಿಟ್ಟು ಬಂದರೆ ಇವರು ಇರುವುದಿಲ್ಲ ಎಂದು ನನ್ನಂಥ ಅಡುಗೆಮನೆಯ ಹೆಂಗಸಿಗೂ ಗೊತ್ತಾಯಿತು.

ಆಂಬುಲೆನ್ಸಿಗೆ ಫೋನ್ ಮಾಡಿದೆವು. ಶಿರೂರಿನ ಹತ್ತಿರ ಅಪಘಾತಕ್ಕೆ ಹೋಗಿದೆ, ಕಾಯಬೇಕು ಎಂದರು. ನಿಂತಿದ್ದ ಒಂದೇ ರಿಕ್ಷಾದವನು ಹತ್ತಿರ ಬಂದು ಮೂಗು ಮುಚ್ಚಿಕೊಂಡ. "ಈ ವಾಸ್ನಿ ಹೊತ್ಕಂಡ್ ಬೆಳಿಗ್ಗೆ ಬಾಡ್ಗಿ ಮಾಡುದ್ ಹ್ಯಾಂಗ್ ಬಾಯಮ್ಮ? ಬೇಜಾರ್ ಮಾಡ್ಕಣ್ಬೇಡಿ" ಎಂದು ಹೋದ. ಅವನದೂ ಹೊಟ್ಟೆಪಾಡು.

ಉಳಿದದ್ದು ನಮ್ಮ ವ್ಯಾನು. ಹಿಂದಿನ ಬಾಗಿಲು ತೆರೆದೆವು. ಒಳಗಿನಿಂದ ಮಲ್ಲಿಗೆ, ಸೇವಂತಿಗೆ, ಊದುಬತ್ತಿಯ ವಾಸನೆ ಭಗ್ಗೆಂದು ಬಂತು. ಅವರು ಕಣ್ಣು ಬಿಟ್ಟು ನೋಡಿದರು.

"ಯಾರ್ ಹ್ವಾದ್ದ್ ಇದ್ರಗೆ?"

ಟೀಚರು ಬಾಗಿಲನ್ನು ಅರ್ಧ ಮುಚ್ಚಿದರು.

"ನಂಗಿನ್ನೂ ಜೀಂವ ಇತ್ತ್ ಬಾಯಮ್ಮ. ಅಷ್ಟ್ ಅರ್ಜೆಂಟ್ ಎಂತ ನಿಮ್ಗೆ?"

"ಆಸ್ಪತ್ರಿಗೆ ಹೋಪ ಅಣ್ಣಯ್ಯ" ಎಂದೆ. "ಕಾಲ್ ಕಾಣಿ ಹ್ಯಾಂಗಾಯ್ತ್."

"ನಾನ್ ಬತ್ತಿಲ್ಲೆ. ಅಲ್ಲಿ ಕಾಲ್ ಕಡ್ದ್ ಹಾಕ್ತ್ರ್. ಕಾವ್ಲಿ ಎದುರ್ ಕೂಕಂಡ್ ದೋಸೆ ಹೊಯ್ದವ್ರನ್ನ ನೀವ್ ಎಲ್ಲಾದ್ರೂ ಕಂಡಿದ್ರಿಯಾ?"

ಅದು ಜ್ವರದ ಮಾತಾಗಿರಲಿಲ್ಲ, ಲೆಕ್ಕ ಹಾಕಿದ ಮಾತು. ಎಳೆದು ಹತ್ತಿಸಬಾರದು ಎಂಬುದು ನಮ್ಮ ನಿಯಮ. ಟೀಚರು ಜಪಮಾಲೆ ಹಿಡಿದು ಗೋಡೆಗೆ ಒರಗಿಬಿಟ್ಟರು. ನನಗೆ ಪ್ರಾರ್ಥನೆಯ ಒಂದು ಸಾಲೂ ನೆನಪಾಗಲಿಲ್ಲ. ಏನು ಮಾಡಬೇಕೆಂದು ತಿಳಿಯದೆ ವ್ಯಾನಿನೊಳಗೆ ಹತ್ತಿ, ಪೆಟ್ಟಿಗೆ ಇಡುವ ಹಲಗೆಯ ಮೇಲೆ ಅಂಗಾತ ಮಲಗಿದೆ. ಹೂವಿನ ಎಸಳುಗಳು ಬೆನ್ನಿಗೆ ತಣ್ಣಗೆ ಅಂಟಿದವು. ಟೀಚರು ಕೊಂಕಣಿಯಲ್ಲಿ ಬೈದರು.

"ಕಾಣಿ, ನಾನ್ ಮಲ್ಕಂಡಿದೆ. ಸತ್ನಾ?" ಎಂದೆ.

ಅವರು ಜಗಲಿಯಿಂದಲೇ ನನ್ನನ್ನೂ ಹಲಗೆಯನ್ನೂ ಅಳೆದು ನೋಡಿದರು. "ನಿಮ್ಗೆ ಆ ಹಲ್ಗಿ ಅಗ್ಲ ಸಾಲುದಿಲ್ಲ ಬಾಯಮ್ಮ" ಎಂದರು. ಗಂಟೆ ಹೊಡೆಯುವವರು ನಗು ತಡೆಯಲಾರದೆ ಆಚೆ ತಿರುಗಿದರು.

ಆಮೇಲೆ ಅವರೇ ಹೇಳಿದರು: "ಎದ್ರ್ ಸೀಟಗೆ ಕೂಕಂಬುಕೆ ಬಿಟ್ರೆ ಬತ್ತೆ. ಹಿಂದ್ ಬತ್ತಿಲ್ಲೆ. ಹಿಂದ್ ಇಪ್ಪುದ್ ಹೆಣ."

ಕಾಲು ಇಳಿಬಿಟ್ಟು ಕೂರಬಾರದೆಂದು ಟೀಚರು ಹೇಳಿ ನೋಡಿದರು. ಅವರು ಕೇಳಲಿಲ್ಲ. ಕೊನೆಗೆ ಅವರನ್ನು ಎತ್ತಿ ಎದುರಿಗೆ ಕೂರಿಸಿ, ಖಾಲಿಯಾಗಿದ್ದ ಗಂಜಿ ಪಾತ್ರೆಯನ್ನು ಮಗುಚಿ ಕಾಲಿನ ಕೆಳಗೆ ಇಟ್ಟು, ನಾವಿಬ್ಬರು ಹೆಂಗಸರು ಹಿಂದೆ ಹಲಗೆಯ ಮೇಲೆ ಕೂತೆವು. ಗಂಟೆ ಹೊಡೆಯುವವರು ಬಾಗಿಲು ಹಾಕಿ ಜಿಲ್ಲಾ ಆಸ್ಪತ್ರೆಯ ದಾರಿ ಹಿಡಿದರು.

ಟೋಲ್ ಗೇಟಿನಲ್ಲಿ ಗಾಡಿ ನಿಂತಿತು. ಬೆಡ್‌ಶೀಟು ಗಾಳಿಗೆ ಎಲ್ಲಿಯೋ ಹಾರಿಹೋಗಿತ್ತು. ಅಲ್ಲಿದ್ದವನು ಬದಿಯ ಅಕ್ಷರ ಓದಿ, ಮೆಲ್ಲಗೆ "ಯಾರ್ ತೀರ್ಕಂಡದ್ದ್?" ಎಂದು ಕೇಳಿದ. ಎದುರಿನಿಂದ ಅಣ್ಣಯ್ಯನ ದನಿ ಕೇಳಿಸಿತು: "ಎರಡ್ ಇತ್ತ್ ಹಿಂದೆ. ಜಪ ಮಾಡ್ತಾ ಇದ್ದೊ."

ಬ್ರಹ್ಮಾವರ ದಾಟುವ ಹೊತ್ತಿಗೆ ಆ ದನಿ ನಿಂತಿತು. ನಾನು ಹಿಂದಿನಿಂದ "ಅಣ್ಣಯ್ಯ, ಅಣ್ಣಯ್ಯ" ಎಂದು ಕರೆಯುತ್ತಿದ್ದೆ. ಗಂಟೆ ಹೊಡೆಯುವವರು "ಉಸ್ರ್ ಇತ್ತ್, ಉಸ್ರ್ ಇತ್ತ್" ಎನ್ನುತ್ತ ಗಾಡಿ ಓಡಿಸಿದರು. ದಾರಿಯುದ್ದಕ್ಕೂ ದೇವರಲ್ಲಿ ಕೇಳಿದ್ದು ಕಾಲನ್ನಲ್ಲ. ಜೀವವನ್ನು ಮಾತ್ರ ಕೇಳಿದೆ. ಎರಡನ್ನೂ ಕೇಳಲು ಧೈರ್ಯ ಬರಲಿಲ್ಲ.

ಕೇಳಿದ್ದನ್ನು ಕೊಟ್ಟ. ಮೊಣಕಾಲಿನ ಮೇಲಕ್ಕೆ ಕಡಿದರು.

ಪ್ರಜ್ಞೆ ಬಂದು ಜ್ವರ ಇಳಿದ ಮೇಲೆ ಬಸ್ಸಿನಲ್ಲಿ ನೋಡಲು ಹೋದೆ. ವಾರ್ಡಿನ ಕಿಟಕಿ ಪಕ್ಕದ ಹಾಸಿಗೆ ಸಿಕ್ಕಿತ್ತು, ಅದನ್ನೂ ಒಂದು ದಯೆ ಎಂದೇ ಎಣಿಸಿದೆ. ಹೊದಿಕೆ ಒಂದು ಬದಿ ಚಪ್ಪಟೆಯಾಗಿತ್ತು. ನನ್ನ ಮುಖ ನೋಡದೆ ಕೇಳಿದರು:

"ಕಡ್ದದ್ದನ್ನ ಎಂತ ಮಾಡ್ತ್ರ್, ಗೊತ್ತಿತ್ತಾ?"

ಹೋಗಿ ನರ್ಸಮ್ಮನನ್ನು ಕೇಳಿ ಬಂದೆ. ಸುಡುತ್ತಾರಂತೆ ಎಂದೆ.

"ಹ್ವಾಯ್ಲಿ. ಅದ್ ನನ್ಕಿಂತ ಮುಂಚೆ ಹ್ವಾಯ್ತ್" ಎಂದರು. ಹೊದಿಕೆಯ ಚಪ್ಪಟೆ ಬದಿಯನ್ನು ಕೈಯಿಂದ ಸವರಿ, "ಇಲ್ಲಿಂದ ಬಿಟ್ರೆ ನಾನ್ ಎಲ್ಲಿಗ್ ಹೋಪುದ್ ಬಾಯಮ್ಮ? ಅದೇ ಜಗ್ಲಿಗಾ?"

ಫಾದರ್ ಎಲ್ಲೆಲ್ಲೋ ಕೇಳುತ್ತಿದ್ದಾರೆ, ಎಲ್ಲೂ ಜಾಗ ಇಲ್ಲ ಎನ್ನುತ್ತಿದ್ದಾರೆ ಎಂದು ಹೇಳಲು ಬಾಯಿ ಬರಲಿಲ್ಲ. ಎರಡು ಕೋಣೆಯ ನನ್ನ ಮನೆಗೆ ಬನ್ನಿ ಎಂದೂ ಬಾಯಿ ಬರಲಿಲ್ಲ. ತಂದ ಗಂಜಿಯನ್ನು ಲೋಟಕ್ಕೆ ಬಗ್ಗಿಸಿದೆ. ಅವರು ಗೋಡೆಯ ಕಡೆ ತಿರುಗಿದರು. ನಾನು ಲೋಟ ಹಿಡಿದುಕೊಂಡೇ ಕೂತೆ. ಹೊರಗೆ ಒಂದೊಂದಾಗಿ ಬಸ್ಸು ಹೋಗುತ್ತಿದ್ದ ಶಬ್ದ ಕೇಳುತ್ತಿತ್ತು. ಬಹಳ ಹೊತ್ತಿನ ಮೇಲೆ, ಆಚೆ ತಿರುಗಿದ್ದಲ್ಲಿಂದಲೇ, ಲೋಟಕ್ಕೆಂದು ಒಂದು ಕೈ ಹಿಂದಕ್ಕೆ ಚಾಚಿದರು.