ಬಾವನನ್ನು ಸಿದ್ದಾಪುರಕ್ಕೆ ಕೊಟ್ಟದ್ದು

ನಾನು ಒಮ್ಮೆ ನನ್ನ ಹೆಂಡತಿಯ ಅಣ್ಣನನ್ನು ಸಿದ್ದಾಪುರಕ್ಕೆ ಕೊಟ್ಟುಬಿಟ್ಟೆ. ಕೊಟ್ಟೆ ಎಂದರೆ ದತ್ತು ಕೊಟ್ಟದ್ದಲ್ಲ, ಕೆಲಸಕ್ಕೆ ಕಳಿಸಿದ್ದೂ ಅಲ್ಲ. ಅಮ್ಮತ್ತಿಯ ಹಾಕಿ ತಂಡದಲ್ಲಿ ಬ್ಯಾಕ್ ಆಗಿದ್ದವರನ್ನು ಸಿದ್ದಾಪುರದ ತಂಡಕ್ಕೆ ಬಿಟ್ಟುಕೊಟ್ಟು, ಬದಲಿಗೆ ಅಲ್ಲಿಂದ ಒಬ್ಬ ಫಾರ್ವರ್ಡನನ್ನು ತಂದುಕೊಂಡೆ. ಈಗ ಇದನ್ನು ಸಲೀಸಾಗಿ ಬರೆಯುತ್ತಿದ್ದೇನೆ. ಆ ವರ್ಷದ ಮಳೆಗಾಲದಲ್ಲಿ ನಮ್ಮ ಮನೆಯಲ್ಲಿ ಊಟಕ್ಕೆ ಕೂತವನಿಗೆ ಮಾತ್ರ ಅದು ಅಷ್ಟು ಸಲೀಸಾಗಿರಲಿಲ್ಲ.

ಬ್ರಿಟಿಷರ ಕಾಲದ ಮಾತು. ನಾನು ಅಮ್ಮತ್ತಿಯ ಹತ್ತಿರ ಒಂದು ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದೆ. ದೊರೆಗಳು ಗಾಲ್ಫಿಗೂ ಟೆನ್ನಿಸಿಗೂ ತಮ್ಮ ಕ್ಲಬ್ಬಿಗೆ ಹೋಗುತ್ತಿದ್ದರು. ನಮ್ಮಂಥವರು ಸಂತೆಮಾಳದ ಪಕ್ಕದ ಬಯಲಿನಲ್ಲಿ ಹಾಕಿ ಆಡುತ್ತಿದ್ದೆವು. ಆಡುತ್ತಿದ್ದೆವು ಎಂದು ನನ್ನನ್ನೂ ಸೇರಿಸಿ ಹೇಳುವುದು ಸ್ವಲ್ಪ ಜಾಸ್ತಿಯಾಯಿತು. ನಾನು ಕೋಲು ಹಿಡಿದದ್ದು ಒಂದೇ ಬೇಸಗೆ. ನಮ್ಮ ತಂಡದ ಯಜಮಾನರಾದ ಜಮೇದಾರ್ ಮುತ್ತಣ್ಣನವರು ಮಹಾಯುದ್ಧದಲ್ಲಿ ಬಸ್ರಾದವರೆಗೆ ಹೋಗಿ ಬಂದು ಪೆನ್ಷನ್ನಿನಲ್ಲಿದ್ದವರು. ಅವರು ನನ್ನ ಆಟವನ್ನು ನಾಲ್ಕು ದಿನ ನೋಡಿ, ಐದನೆಯ ದಿನ ಬಹಳ ಮರ್ಯಾದೆಯಿಂದ, "ರೈಟ್ರೇ, ನಿಮ್ಮ ಅಕ್ಷರ ಚೆನ್ನಾಗಿದೆ ಅಲ್ವಾ," ಎಂದರು. ಹಾಗೆ ನಾನು ತಂಡದ ಸೆಕ್ರೆಟರಿಯಾದೆ.

ನಮ್ಮಲ್ಲಿ ಎರಡು ತಂಡಗಳಿದ್ದವು. ಮೊದಲನೆಯದು ವಿರಾಜಪೇಟೆ, ಸಿದ್ದಾಪುರಗಳ ಮೇಲೆ ಆಡುವ ತಂಡ. ಎರಡನೆಯದು ಮೊದಲನೆಯದಕ್ಕೆ ಸೇರಬೇಕೆಂದು ಆಸೆಪಟ್ಟುಕೊಂಡು ಆಡುವ ತಂಡ. ಕಾಫಿ ಪಿಕ್ಕಿಂಗ್ ಮುಗಿದ ಮೇಲೆ ಶುರುವಾದ ಆಟ ಮುಂಗಾರು ಹಿಡಿಯುವವರೆಗೆ ನಡೆಯುತ್ತಿತ್ತು. ಆಮೇಲೆ ಬಯಲಿನಲ್ಲಿ ಮೊಣಕಾಲು ನೀರು ನಿಲ್ಲುತ್ತಿತ್ತು. ಆಟಗಾರರಿಗೆ ಅದು ರಜೆ, ನನಗೆ ಅದೇ ಕೆಲಸದ ಕಾಲ. ಎರಡನೇ ತಂಡದಲ್ಲಿ ಯಾರು ಮೇಲೆ ಬರಲು ತಯಾರಾಗಿದ್ದಾನೆ, ಮೊದಲ ತಂಡದಲ್ಲಿ ಯಾರ ಕಾಲು ಸೋತಿದೆ, ಬೇರೆ ಊರಿನಿಂದ ಯಾರನ್ನು ತರಬಹುದು ಎಂದು ಯೋಚಿಸಿ, ಒಬ್ಬೊಬ್ಬರ ಹೆಸರಿನ ಮುಂದೆ ಒಂದೊಂದು ಸಾಲು ಬರೆದು ಜಮೇದಾರರಿಗೆ ಒಪ್ಪಿಸಬೇಕಾಗಿತ್ತು. ಊರೂರಿನ ಸೆಕ್ರೆಟರಿಗಳ ನಡುವೆ ಒಂದು ಒಪ್ಪಂದವೂ ಇತ್ತು: ಇತ್ತಣಿಂದ ಒಬ್ಬ ಹೋದರೆ ಅತ್ತಣಿಂದ ಒಬ್ಬ ಬರಬೇಕು.

ಸ್ವಂತವಾಗಿ ಚೆಂಡನ್ನು ಹತ್ತು ಮಾರು ಹೊಡೆಯಲಾರದವನಿಗೆ ಇನ್ನೊಬ್ಬನ ಆಟವನ್ನು ಅಳೆಯುವುದರಲ್ಲಿ ಎಂಥ ಸುಖವಿದೆ ಎಂದು ನಾನು ಹೇಳಬೇಕಾಗಿಲ್ಲ. ಸಂಗೀತ ಬಾರದವರೇ ಅಲ್ಲವೇ ಕಛೇರಿಯಲ್ಲಿ ಮೊದಲ ಸಾಲಿನಲ್ಲಿ ಕೂತು ತಲೆ ಅಲ್ಲಾಡಿಸುವುದು. ನಮ್ಮ ಹಿಂದಿನವರು ಆನೆಗೆ ಲಕ್ಷಣ ಹೇಳಿದರು, ಕುದುರೆಗೆ ಸುಳಿ ಹೇಳಿದರು, ಎತ್ತಿನ ಹಲ್ಲು ನೋಡಿದರು, ಹೆಣ್ಣುಗಂಡಿನ ಜಾತಕ ಕೂಡಿಸಿದರು. ಹಾಕಿ ಆಡುವವನಿಗೆ ಮಾತ್ರ ಯಾವ ಲಕ್ಷಣವನ್ನೂ ಹೇಳದೆ ಹೋದರು. ಆ ಕೊರತೆಯನ್ನು ನಾನು ತುಂಬಲು ಹೊರಟೆ. ಅಗಲವಾದ ಪಾದ ಇದ್ದವನು ಹಿಂದೆ ನಿಲ್ಲಲಿ, ಉದ್ದ ಕೈಯವನು ನಡುವೆ, ಕೋಪ ಬೇಗ ಬರುವವನು ಎಡಗಡೆ. ಎಡಗಡೆ ಏಕೆ ಎಂದು ಈಗ ಕೇಳಿದರೆ ನನಗೂ ಗೊತ್ತಿಲ್ಲ. ಆಗ ಬಹಳ ಖಚಿತವಾಗಿ ಗೊತ್ತಿತ್ತು.

ಬಾವ ಸುಬ್ಬಯ್ಯನವರು ಎಸ್ಟೇಟಿನ ಆಸ್ಪತ್ರೆಯಲ್ಲಿ ಕಾಂಪೌಂಡರು. ನನಗೆ ರೈಟರ ಕೆಲಸ ಕೊಡಿಸಿದವರು ಅವರು, ತಂಗಿಯನ್ನು ಕೊಟ್ಟವರು ಅವರು, ನನ್ನನ್ನು ಮೊದಲು ಬಯಲಿಗೆ ಕರೆದುಕೊಂಡು ಹೋದವರೂ ಅವರೇ. ಅವರು ನನಗೆ ಬಾವ, ನಾನು ಅವರಿಗೆ ಬಾವ. ಹನ್ನೆರಡು ವರ್ಷದಿಂದ ಮೊದಲ ತಂಡದಲ್ಲಿ ಆಡುತ್ತಿದ್ದರು. ಅವರ ಕಾಲು ನಿಧಾನವಾಗಿತ್ತು, ಬಾಯಿ ಮಾತ್ರ ವರ್ಷದಿಂದ ವರ್ಷಕ್ಕೆ ಚುರುಕಾಗುತ್ತ ಬಂದಿತ್ತು. ಆಟ ಶುರುವಾದಾಗಿನಿಂದ ಮುಗಿಯುವ ತನಕ, "ಬಲಕ್ಕೆ ಹೋಗು, ಅವನನ್ನ ಬಿಡಬೇಡ, ಹಿಂದೆ ನೋಡು," ಎಂದು ಹತ್ತು ಜನಕ್ಕೂ ಹೇಳುತ್ತಲೇ ಇರುವರು. ಹೇಳುವ ಭರದಲ್ಲಿ ಎಷ್ಟೋ ಸಲ ಚೆಂಡು ಅವರ ಪಕ್ಕದಿಂದಲೇ ಹೋಗಿಬಿಡುತ್ತಿತ್ತು.

ಆ ವರ್ಷ ಆಗಸ್ಟಿನಲ್ಲಿ ಎಸ್ಟೇಟಿನ ಕೆಲಸದ ಮೇಲೆ ಸಿದ್ದಾಪುರದ ಕಡೆ ಹೋಗಿದ್ದೆ. ದಾರಿಯ ಪಕ್ಕದ ಗದ್ದೆಯಲ್ಲಿ ನಾಟಿ ಮುಗಿದು ಓಟದ ಸ್ಪರ್ಧೆ ನಡೆಯುತ್ತಿತ್ತು. ಕೆಸರುಗದ್ದೆಯ ಈ ತುದಿಯಿಂದ ಆ ತುದಿಗೆ ಓಡಬೇಕು. ಹತ್ತು ಹದಿನೈದು ಜನ ಓಡಿದರು, ಬಿದ್ದರು, ಎದ್ದರು, ಮತ್ತೆ ಬಿದ್ದರು. ಒಬ್ಬ ಮಾತ್ರ ಒಣನೆಲದ ಮೇಲೆ ಹೋಗುವವನ ಹಾಗೆ ಹೋಗಿ ಆ ಕಡೆಯ ಬದುವಿನಲ್ಲಿ ನಿಂತು ಮುಖ ಒರೆಸಿಕೊಳ್ಳುತ್ತಿದ್ದ. ಕೊಡೆ ಗಾಳಿಗೆ ಮಗುಚಿಕೊಂಡದ್ದೂ ನನಗೆ ತಿಳಿಯಲಿಲ್ಲ.

ಸಿದ್ದಾಪುರದ ತಂಡದ ಸೆಕ್ರೆಟರಿ ಕುಂಞಿರಾಮ ಎಂಬ ದರ್ಜಿ. ನೇರವಾಗಿ ಅವನ ಅಂಗಡಿಗೆ ಹೋದೆ. ಓಡಿದವನು ಬೆಟ್ಟದ ಕಡೆಯ ಚಿಣ್ಣಪ್ಪ, ಸಿದ್ದಾಪುರದ ಎರಡನೇ ತಂಡದಲ್ಲಿ ಆಡುತ್ತಾನೆ ಎಂದು ಗೊತ್ತಾಯಿತು.

"ಆಟ ಹೇಗೆ?" ಎಂದು ಕೇಳಿದೆ.

ಕುಂಞಿರಾಮ ಹೊಲಿಗೆಯಿಂದ ಕಣ್ಣು ತೆಗೆಯದೆ, "ಓಡ್ತಾನೆ ರೈಟ್ರೇ. ಅದ್ರಲ್ಲಿ ಸಂಶಯ ಇಲ್ಲ," ಎಂದ.

ಅವನ ಪ್ರಾಮಾಣಿಕತೆಯನ್ನು ನಾನು ಈಗ ಮೆಚ್ಚುತ್ತೇನೆ. ಕೇಳಿದ್ದಕ್ಕೆ ಅವನು ಸುಳ್ಳು ಹೇಳಲಿಲ್ಲ. ನಾಟಿ ಓಟದಲ್ಲಿ ಚೆಂಡು ಇರುವುದಿಲ್ಲ ಎಂಬ ಸಣ್ಣ ವಿಷಯ ನನ್ನ ಗಮನಕ್ಕೆ ಬಾರದಿದ್ದರೆ ಅದು ಅವನ ತಪ್ಪಲ್ಲ. ಚಿಣ್ಣಪ್ಪನನ್ನು ನಮಗೆ ಕೊಡಿ ಎಂದೆ. ಬದಲಿಗೆ ಯಾರನ್ನು ಕೊಡುತ್ತೀರಿ ಎಂದು ಅವನು ಕೇಳಿದ. ಅವರ ಗೋಲು ಕಾಯುವ ಗೋಲಿ ಸೈನ್ಯದ ಪಟಾಲಮ್ಮಿಗೆ ಸೇರಿ ಹೋಗಿದ್ದ, ಅನುಭವ ಇರುವ ಒಬ್ಬರು ಸಿಕ್ಕಿದರೆ ಸಾಕು ಎಂದ. ನಾನು ಬಾವನ ಹೆಸರು ಹೇಳಿದೆ.

ಜಮೇದಾರರು ನನ್ನ ಬರಹವನ್ನು ಓದಿ ಒಪ್ಪಿದರು. ಆದರೆ, "ಸುಬ್ಬಯ್ಯಂಗೆ ನೀವೇ ಹೇಳಿ," ಎಂದರು. ಬಸ್ರಾ ನೋಡಿದವರಿಗೂ ಆ ಧೈರ್ಯ ಇರಲಿಲ್ಲ.

ಆಸ್ಪತ್ರೆಗೆ ಹೋದಾಗ ಬಾವ ಸೀಸೆಗೆ ಮಿಕ್ಸ್‌ಚರು ತುಂಬುತ್ತಿದ್ದರು. ನಾನು ಮಳೆಯ ವಿಷಯ ಮಾತಾಡಿದೆ, ಜ್ವರದ ವಿಷಯ ಮಾತಾಡಿದೆ. ಕೊನೆಗೆ, "ಬಾವ, ಸಿದ್ದಾಪುರದವರಿಗೆ ಒಬ್ಬ ಅನುಭವಸ್ಥರು ಬೇಕಂತೆ," ಎಂದೆ.

"ಯಾರನ್ನ ಕೊಡ್ತೀರಿ?" ಎಂದು ಕೇಳಿದರು. ನಾನು ಸೀಸೆಯನ್ನೇ ನೋಡುತ್ತ ನಿಂತೆ. ಅವರಿಗೆ ಅರ್ಥವಾಯಿತು. ಬಿರಡೆ ಹಾಕಿ ಸೀಸೆಯನ್ನು ಕೆಳಗಿಟ್ಟರು.

"ಜಮೇದಾರ್ರು ಹೇಳಿದ್ದಾ, ನೀವು ಬರೆದಿದ್ದಾ?"

"ನಾನೇ ಬರೆದೆ."

"ಏನಂತ ಬರೆದ್ರಿ?"

ಸುಳ್ಳು ಹೇಳಬಹುದಾಗಿತ್ತು. ಯಾಕೋ ಬಾಯಿಗೆ ಬರಲಿಲ್ಲ. "ಕಾಲು ನಿಧಾನ, ಮಾತು ಹೆಚ್ಚು ಅಂತ."

ಬಾವ ಬಾಗಿಲ ಕಡೆ ನೋಡಿದರು. ಹೊರಗೆ ಕೂಲಿಗಳ ಲೈನಿನಿಂದ ಬಂದ ಹೆಂಗಸರು ಔಷಧಕ್ಕೆ ಕಾಯುತ್ತಿದ್ದರು. "ಹನ್ನೆರಡು ವರ್ಷ ಆಡಿದೀನಿ ಬಾವ," ಎಂದರು ಮೆಲ್ಲಗೆ. "ನಾಕೇ ಮಾತಲ್ಲಿ ಮುಗೀತಾ?" ಮತ್ತೆ ಸೀಸೆ ತೆಗೆದುಕೊಂಡು ಹೊರಗಿನವರ ಹೆಸರು ಕೂಗಿದರು.

ಮನೆಗೆ ಬಂದರೆ ಸುದ್ದಿ ನನಗಿಂತ ಮೊದಲೇ ಬಂದಿತ್ತು. ನನ್ನ ಹೆಂಡತಿ ಪಾರ್ವತಿ ಜಗಳ ಮಾಡುವವಳಲ್ಲ. ಜಗಳ ಮಾಡಿದ್ದರೆ ಚೆನ್ನಾಗಿತ್ತು. ಎಲೆ ಹಾಕಿ, ಅನ್ನ ಬಡಿಸಿ, ಸಾರು ಬಿಟ್ಟು, "ನಮ್ಮಣ್ಣಯ್ಯ ನಿಧಾನವಂತೆ," ಎಂದಳು. ಅಷ್ಟೇ. ಮರುದಿನ ಮಜ್ಜಿಗೆ ಬಡಿಸುವಾಗ, "ನೀವು ಬಹಳ ಜೋರು ಓಡ್ತೀರಲ್ಲ," ಎಂದಳು. ಹೀಗೆ ದಿನಕ್ಕೊಂದು ಮಾತಿನಂತೆ ಮಳೆಗಾಲ ಕಳೆಯಿತು, ಕೈಲ್‌ಮುಹೂರ್ತದ ಹಬ್ಬ ಕಳೆಯಿತು, ಪಿಕ್ಕಿಂಗ್ ಬಂತು. ಬಾವ ನಮ್ಮ ಮನೆಗೆ ಬರುವುದನ್ನು ನಿಲ್ಲಿಸಲಿಲ್ಲ. ಬಂದು ತಂಗಿಯೊಡನೆ ಮಾತಾಡಿ, ಕಾಫಿ ಕುಡಿದು, ನನ್ನ ಕಡೆ ನೋಡಿ ಒಂದು ನಗೆ ನಕ್ಕು ಹೋಗುತ್ತಿದ್ದರು. ಆ ನಗೆಯನ್ನು ಸಹಿಸುವುದು ಪಾರ್ವತಿಯ ಮಾತಿಗಿಂತ ಕಷ್ಟವಾಗಿತ್ತು.

ಬೇಸಗೆ ಬಂತು, ಬಯಲು ಒಣಗಿತು. ಚಿಣ್ಣಪ್ಪ ಅಮ್ಮತ್ತಿಗೆ ಬಂದ. ಒಳ್ಳೆಯ ಮನುಷ್ಯ, ಮಾತು ಕಡಿಮೆ, ಹೇಳಿದ ಹೊತ್ತಿಗಿಂತ ಮೊದಲೇ ಬರುವವನು. ಆಟದಲ್ಲಿಯೂ ಹಾಗೆಯೇ, ಎಲ್ಲಿಗೆ ಹೋಗಬೇಕೋ ಅಲ್ಲಿಗೆ ಮೊದಲೇ ಹೋಗಿಬಿಡುತ್ತಿದ್ದ. ಚೆಂಡು ಹಿಂದಿನಿಂದ ಬರುವಷ್ಟರಲ್ಲಿ ಅವನು ಅದನ್ನು ದಾಟಿ ಗೋಲಿನ ಹತ್ತಿರ ತಲುಪಿ ಹಿಂತಿರುಗಿ ನೋಡುತ್ತಿದ್ದ. ಚೆಂಡು ಬೇರೆ ಯಾರದೋ ಕೋಲಿನಲ್ಲಿರುತ್ತಿತ್ತು. ಜಮೇದಾರರು ಮೀಸೆ ಸವರಿಕೊಂಡು ನನ್ನ ಕಡೆ ನೋಡುವರು. ನಾನು ಕಾಗದದ ಕಡೆ ನೋಡುವೆನು.

ಸಿದ್ದಾಪುರದವರು ನಮ್ಮ ಬಯಲಿಗೆ ಆಡಲು ಬಂದ ದಿನ ಬಾವ ಗೋಲಿನಲ್ಲಿ ನಿಂತಿದ್ದರು. ಕುಂಞಿರಾಮ ಅವರನ್ನು ಅಲ್ಲಿ ನಿಲ್ಲಿಸಿದ್ದ. ಓಡುವ ಕೆಲಸವಿಲ್ಲ, ಇಡೀ ಬಯಲು ಕಣ್ಣೆದುರಿಗೆ. ಬಾವ ಬಾಯಿ ತೆರೆದರು. ನಮ್ಮಲ್ಲಿದ್ದಾಗ ಯಾರೂ ಕಿವಿಗೆ ಹಾಕಿಕೊಳ್ಳದ ಅದೇ ಮಾತುಗಳಿಗೆ ಸಿದ್ದಾಪುರದ ಹತ್ತು ಜನ ಅಕ್ಷರಶಃ ತಿರುಗುತ್ತಿದ್ದರು. ನಮ್ಮವರು ಬಲಕ್ಕೆ ಹೋದರೆ ಅಲ್ಲಿ ಇಬ್ಬರು, ಎಡಕ್ಕೆ ಹೋದರೆ ಅಲ್ಲಿ ಮೂವರು. ತಪ್ಪಿಸಿಕೊಂಡು ಬಂದ ಚೆಂಡುಗಳನ್ನು ಬಾವ ಕಾಲಿನಿಂದಲೂ ಕೋಲಿನಿಂದಲೂ ಒಂದು ಸಲ ಹೊಟ್ಟೆಯಿಂದಲೂ ತಡೆದರು. ನಾವು ಒಂದು ಗೋಲಿನಿಂದ ಸೋತೆವು. ಬೇಲಿಯ ಪಕ್ಕ ಹೆಂಗಸರ ನಡುವೆ ಪಾರ್ವತಿ ನಿಂತಿದ್ದಳು. ತನ್ನ ಊರು ಸೋತದ್ದಕ್ಕೆ ಅಷ್ಟು ಸಂತೋಷಪಟ್ಟವರನ್ನು ನಾನು ಬೇರೆ ಕಂಡಿಲ್ಲ.

ಆಟ ಮುಗಿದ ಮೇಲೆ ನಾನೇ ಕುಂಞಿರಾಮನ ಹತ್ತಿರ ಹೋಗಿ, ಬಾವನನ್ನು ವಾಪಸು ಕೊಟ್ಟರೆ ಇಬ್ಬರನ್ನು ಕೊಡುತ್ತೇನೆ ಎಂದೆ. ಅವನು ನಕ್ಕು, "ಅವರನ್ನೇ ಕೇಳಿ," ಎಂದ. ಕೇಳಿದೆ.

ಬಾವ ಮೊಣಕಾಲಿನ ಗಾಯಕ್ಕೆ ತಾವೇ ಅಯೋಡಿನ್ ಹಚ್ಚಿಕೊಳ್ಳುತ್ತಿದ್ದರು. "ಬೇಡ ಬಾವ," ಎಂದರು. ಧ್ವನಿಯಲ್ಲಿ ಕೋಪವಿರಲಿಲ್ಲ. "ಸಿದ್ದಾಪುರದವರು ಹೇಳಿದ್ದು ಕೇಳ್ತಾರೆ. ನೀವು ಬರೆದಿದ್ದು ಸುಳ್ಳಲ್ಲ. ಆದ್ರೆ ನನ್ನನ್ನ ಎಲ್ಲಿ ನಿಲ್ಲಿಸಬೇಕು ಅಂತ ಬರೀಲಿಲ್ಲ ನೀವು." ಅಯೋಡಿನ್ ಸೀಸೆಗೆ ಬಿರಡೆ ಹಾಕಿ, "ಆ ಚಿಣ್ಣಪ್ಪನ್ನ ಓಡಿಸಬೇಡಿ. ಪಾಪ, ಚೆಂಡು ಅವನಿಗೆ ಎದುರಿಗೆ ಬರಬೇಕು. ಕೇಳಿ ನೋಡಿ ಅವನನ್ನ," ಎಂದರು. ಎದುರು ಪಕ್ಷದ ಗೋಲಿಯಾಗಿ ನಿಂತು ಅವರು ನನಗಿಂತ ಚೆನ್ನಾಗಿ ನಮ್ಮ ಆಟಗಾರನನ್ನು ನೋಡಿದ್ದರು.

ಅಷ್ಟರಲ್ಲಿ ಜಮೇದಾರರು ಚಿಣ್ಣಪ್ಪನನ್ನು ಎರಡನೇ ತಂಡಕ್ಕೆ ಇಳಿಸಬೇಕೆಂದು ತೀರ್ಮಾನಿಸಿದ್ದರು. ನಾನು ಒಂದು ವಾರದ ಗಡುವು ಬೇಡಿಕೊಂಡು ಚಿಣ್ಣಪ್ಪನನ್ನು ಕಂಡೆ. ಎಲ್ಲಿ ನಿಂತು ಆಡಲು ಇಷ್ಟ ಎಂದು ಕೇಳಿದೆ. ಅವನ ಮನೆಮಾತಾದ ಅರೆಭಾಷೆಯಲ್ಲಿ, "ನಂಗೆ ಆಡಿಕೆ ಸಿಕ್ಕಿರೆ ಸಾಕ್ ರೈಟ್ರೆ," ಎಂದ; ಆಡಲು ಸಿಕ್ಕಿದರೆ ಸಾಕಂತೆ. ಮತ್ತೆ ಕೇಳಿದ ಮೇಲೆ, ಹಿಂದೆ ಹಾಫ್‌ನಲ್ಲಿ ನಿಂತರೆ ಚೆಂಡು ಕಾಣುತ್ತದೆ, ಮುಂದೆ ನಿಂತರೆ ಬೆನ್ನಿಗೆ ಬರುತ್ತದೆ ಎಂದು ನಾಚಿಕೊಂಡು ಹೇಳಿದ. ಇದನ್ನು ಸಿದ್ದಾಪುರದಲ್ಲಿ ಯಾಕೆ ಹೇಳಲಿಲ್ಲ ಎಂದರೆ, ಯಾರೂ ಕೇಳಿರಲಿಲ್ಲ ಎಂದ. ಹಾಫ್‌ಗೆ ಹಾಕಿದೆವು. ಎದುರಾಳಿ ಎಷ್ಟೇ ಜೋರಾಗಿ ಚೆಂಡು ಕೊಂಡೊಯ್ದರೂ ಚಿಣ್ಣಪ್ಪ ಅವನಿಗಿಂತ ಮುಂಚೆ ಅಲ್ಲಿರುತ್ತಿದ್ದ. ಆ ಬೇಸಗೆಯಲ್ಲಿ ನಾವು ಮತ್ತೆ ಸೋಲಲಿಲ್ಲ, ಸಿದ್ದಾಪುರದ ಮೇಲೆ ಒಮ್ಮೆ ಮಾತ್ರ ಸರಿಸಮವಾಯಿತು. ಆ ದಿನವೂ ಬಾವ ಗೋಲಿನಲ್ಲಿದ್ದರು.

ಇಷ್ಟು ಕಲಿತ ಮೇಲೆ ಸುಮ್ಮನಿರುವ ಜಾತಿ ನನ್ನದಲ್ಲ. ಮುಂದಿನ ಮಳೆಗಾಲದಲ್ಲಿ ಲಕ್ಷಣಶಾಸ್ತ್ರವನ್ನೆಲ್ಲ ಬಿಟ್ಟು, ಕೊಡೆ ಹಿಡಿದು ಒಬ್ಬೊಬ್ಬರ ಮನೆಗೂ ಹೋಗಿ, ನಿಮಗೆ ಎಲ್ಲಿ ನಿಲ್ಲಲು ಇಷ್ಟ ಎಂದು ಕೇಳಿ ಬರೆದುಕೊಂಡೆ. ಎಲ್ಲರೂ ಕಾಫಿ ಕೊಟ್ಟರು, ಎಲ್ಲರೂ ಮನಸ್ಸು ಬಿಚ್ಚಿ ಮಾತಾಡಿದರು. ಪಟ್ಟಿ ಪೂರ್ತಿಯಾದಾಗ ನಮ್ಮ ತಂಡದಲ್ಲಿ ಏಳು ಮಂದಿ ಸೆಂಟರ್ ಫಾರ್ವರ್ಡ್‌ಗಳಿದ್ದರು, ಗೋಲಿಗೆ ಒಬ್ಬನೂ ಇರಲಿಲ್ಲ. ಜಮೇದಾರರು ಪಟ್ಟಿಯನ್ನು ಎರಡು ಸಲ ಓದಿ, ಕನ್ನಡಕ ತೆಗೆದು, ಒಳ್ಳೆಯ ಕೆಲಸ ಮಾಡಿದಿರಿ, ಗೋಲಿಗೆ ನೀವೇ ನಿಲ್ಲಿ ಎಂದರು.

ನಿಂತೆ. ಬೇಸಗೆಯ ಮೊದಲ ದಿನ ಮೊದಲ ಚೆಂಡು ಕಾಲಿನ ನಡುವಿನಿಂದ ಹೋಯಿತು. ಎರಡನೆಯದನ್ನು ನಾನು ನೋಡಲೇ ಇಲ್ಲ. ಮೂರನೆಯದು ಬಂದು ಮೊಣಕಾಲ ಕೆಳಗಿನ ಎಲುಬಿಗೆ ಬಡಿದು ಹೊರಗೆ ಹೋಯಿತು. ನಾನು ತಡೆದೆನೋ ಅದೇ ಬಂದು ತಾಗಿತೋ ಇವತ್ತಿಗೂ ಹೇಳಲಾರೆ. ಕುಂಟಿಕೊಂಡು ಬಯಲಿನಿಂದ ಹೊರಗೆ ಬಂದಾಗ, ನನ್ನ ಬಗ್ಗೆ ಜಮೇದಾರರು ಏನು ಹೇಳುತ್ತಾರೋ ಎಂದು ಅವರ ಕಡೆಗೇ ನೋಡಿದೆ. ಅಷ್ಟು ವರ್ಷ ಊರಿನವರ ಹೆಸರಿನ ಮುಂದೆ ಸಾಲು ಬರೆದವನಿಗೆ, ಆ ಸಾಲಿಗೆ ಕಾಯುವುದು ಹೇಗಿರುತ್ತದೆಂದು ಆಗ ಮೊದಲ ಬಾರಿ ತಿಳಿಯಿತು.

ಜಮೇದಾರರು ಕೋಲುಗಳನ್ನು ಜೋಡಿಸಿ ಕಟ್ಟುತ್ತಿದ್ದರು. ತಲೆ ಎತ್ತದೆಯೇ, "ನಾಳೆಯೂ ಬನ್ನಿ ರೈಟ್ರೇ," ಎಂದರು.

ಮನೆಗೆ ಹೋಗುವ ದಾರಿಯುದ್ದಕ್ಕೂ ಕಾಲು ನೋಯಲಿಲ್ಲ.