ಗೋಣಿಮರದ ಅರ್ಧ ಗಿಲಾವು

ಹೋದ ಮಂಗಳವಾರ ಬೆಳಿಗ್ಗೆ ನಾನು ಒಂದು ಜೀವವನ್ನು ಒಳಗಿಟ್ಟು ಸಿಮೆಂಟ್ ಹಾಕಿಸಿದೆ. ಮುಚ್ಚಿದ ಮೇಲೆ ಫೋಟೋ ತೆಗೆದು ಊರಿನ ವಾಟ್ಸಾಪ್ ಗ್ರೂಪಿಗೂ ಹಾಕಿದೆ. ಮೆಚ್ಚುಗೆಯ ಹೆಬ್ಬೆರಳುಗಳು ಬಂದವು.

ನಡೆದದ್ದನ್ನು ನಡೆದ ಹಾಗೆಯೇ ಹೇಳುತ್ತೇನೆ. ಮಧುರೆ ಹೋಬಳಿಯ ನಮ್ಮೂರ ಮುಂದೆ ಆಲದ ಜಾತಿಯ ಒಂದು ಗೋಣಿಮರವಿದೆ. ಅದರ ಕಲ್ಲುಕಟ್ಟೆ ಸಡಿಲವಾಗಿತ್ತು. ರಿಪೇರಿ ಮಾಡಿಸುವ ಜವಾಬ್ದಾರಿ ನನ್ನ ಮೇಲೆ ಬಿತ್ತು. (ಊರಿನಲ್ಲಿ ಬರೆಯುವವನೆಂದರೆ ಬಿಡುವಾಗಿರುವವನು.) ಗಾರೆ ಕೆಲಸಕ್ಕೆ ಮುನಿರಾಜು ಬಂದ. ಏರ್‌ಪೋರ್ಟ್ ಬಂದಾಗಿನಿಂದ ಲೇಔಟುಗಳಿಗೆ ಕಾಂಪೌಂಡ್ ಕಟ್ಟಿ ಕಟ್ಟಿ ಕೈ ಪಳಗಿದವನು.

ಕಟ್ಟೆ ಮುಗಿಯಿತು. ಬಾಂಡ್ಲಿಯಲ್ಲಿ ಇನ್ನೂ ಒಂದಿಷ್ಟು ಸಿಮೆಂಟ್ ಉಳಿದಿತ್ತು. ಮುನಿರಾಜು ತಲೆಯೆತ್ತಿದ. ಏಣಿ ಎಟುಕುವಷ್ಟು ಎತ್ತರದಲ್ಲಿ, ಹಿಂದೆಂದೋ ಕೊಂಬೆ ಮುರಿದ ಜಾಗದಲ್ಲಿ, ಒಂದು ಪೊಟರೆ. ಅದರ ಬಾಯಿಗೆ ಮಣ್ಣು ಮೆತ್ತಿತ್ತು. ನಡುವೆ ಬೆರಳಗಲದ ಉದ್ದನೆಯ ಸಂದು.

"ಯಾರೋ ಅರ್ಧ ಗಿಲಾವು ಮಾಡಿ ಬಿಟ್ಟೋಗವ್ರೆ ಸಾರ್. ಮಳೆ ನೀರಿಳಿದ್ರೆ ಮರ ಕೊಳ್ತೋಗುತ್ತೆ. ಮುಚ್ಬಿಡ್ಲಾ?"

"ಮುಚ್ಚಪ್ಪಾ" ಎಂದೆ. ನಾನು ಆಡಿದ್ದು ಅಷ್ಟೇ.

ಮುಚ್ಚುವಾಗ ಒಳಗಿಂದ ಸದ್ದು ಬರಲಿಲ್ಲ. ನಾವು ಕೇಳಿಸಿಕೊಳ್ಳಲಿಲ್ಲ ಎಂದರೆ ಹೆಚ್ಚು ಸರಿ.

ಅರ್ಧ ಗಂಟೆ ಕಳೆದಿರಬಹುದು. ಹುಣಸೆಹಣ್ಣು ಬಡಿಯಲು ದಿನವೂ ಮರದ ನೆರಳಿಗೆ ಬರುವ ಪಿಳ್ಳಮ್ಮ ಆಗಷ್ಟೇ ಬಂದು ಕುಳಿತಿದ್ದಳು. ಹದ್ದಿನಷ್ಟು ದೊಡ್ಡದೊಂದು ಬೂದು ಹಕ್ಕಿ ಬಂದು ಕಾಂಡಕ್ಕೆ ಆತುಕೊಂಡಿತು. ಉದ್ದ ಬಾಲ, ಕುಡುಗೋಲಿನಂಥ ಕೊಕ್ಕು. ಸಿಮೆಂಟನ್ನು ಒಮ್ಮೆ ಕುಟುಕಿತು. ಹಿಂದೆ ಸರಿಯಿತು. ಕತ್ತು ಕುಲುಕಿಸಿ, ಗಂಟಲಿನಿಂದ ಕೆಂಪನೆಯ ಗೋಣಿಹಣ್ಣೊಂದನ್ನು ಕೊಕ್ಕಿನ ತುದಿಗೆ ತಂದುಕೊಂಡಿತು. ಇಡಲು ಜಾಗವಿಲ್ಲ. ನುಂಗಿಕೊಂಡಿತು. ಮತ್ತೆ ತಂದಿತು. ಮತ್ತೆ ನುಂಗಿತು.

ಪಿಳ್ಳಮ್ಮನ ಕೈಯ ಕೊಡತಿ ನಿಂತಿತು.

"ಲೇ ಮುನಿರಾಜಾ, ಒಳಗೆ ಅದರ ಹೆಣ್ತಿ ಕೂತವ್ಳೆ ಕಣ್ಲಾ. ನಾನು ದಿನಾ ನೋಡ್ತೀನಿ. ಉಣ್ಣೋ ಬಾಗ್ಲನ್ನೇ ಮುಚ್ಚಿದ್ದೀಯಲ್ಲೋ."

ಮಂಗಟ್ಟೆ ಹಕ್ಕಿ. ಪುಸ್ತಕದಲ್ಲಿ ಓದಿದ್ದೆ. ಹೆಣ್ಣು ಪೊಟರೆಗೆ ಹೊಕ್ಕು, ಮಣ್ಣು ಮತ್ತು ತನ್ನದೇ ಹಿಕ್ಕೆಯಿಂದ ಬಾಯಿ ಮುಚ್ಚಿಕೊಳ್ಳುತ್ತದೆ. ಒಳಗೆ ರೆಕ್ಕೆಯ ಗರಿಗಳು ಉದುರುತ್ತವೆ, ಹಾರಲಾಗುವುದಿಲ್ಲ. ಮರಿ ಬಲಿಯುವ ತನಕ ಗಂಡು ತರುವ ಹಣ್ಣೇ ಗತಿ. ಇಷ್ಟೆಲ್ಲ ಗೊತ್ತಿತ್ತು. ಆದರೆ ಅದು ಕಾಡಿನಲ್ಲಿ ಎಂದುಕೊಂಡಿದ್ದೆ. ನಮ್ಮೂರ ಕಟ್ಟೆಯ ಮೇಲೆ ಎಂದು ಯಾರು ಎಣಿಸುತ್ತಾರೆ?

ಮುನಿರಾಜು ಮತ್ತೆ ಏಣಿ ಹತ್ತಿದ.

"ಕರಣೆ ಬ್ಯಾಡ ಕಣ್ಲಾ, ಬೆರಳಲ್ಲಿ ತೆಗಿ" ಎಂದಳು ಪಿಳ್ಳಮ್ಮ.

ಮೇಲುಪದರ ಬಿಗಿಯತೊಡಗಿತ್ತು. ಅವನು ಉಗುರಿನಿಂದ ಕೆರೆದ. ಸಿಮೆಂಟಿನ ಜೊತೆ ಹಳೆಯ ಮಣ್ಣೂ ಒಂದು ಚೂರು ಕಿತ್ತು ಬಂತು. ನಾನು ಕೆಳಗೆ ಏಣಿ ಹಿಡಿದಿದ್ದೆ. ಒಳಗೆ ಉಸಿರಿದೆಯೋ ಇಲ್ಲವೋ? ಅವನ ಬೆರಳು ಒಳಹೋಯಿತು. ಹಾಗೇ ನಿಂತ.

"ಕಚ್ತು ಸಾರ್" ಎಂದ.

ಅಷ್ಟು ಸಂತೋಷದಿಂದ ಆ ಮಾತು ಹೇಳಿದವರನ್ನು ನಾನು ನೋಡಿಲ್ಲ.

ಹೊಸ ಕಟ್ಟೆಯ ಮೇಲೆ ಕುಳಿತುಬಿಟ್ಟೆ. (ಹಸಿ ಸಿಮೆಂಟಿನಲ್ಲಿ ನನ್ನ ಗುರುತು ಈಗಲೂ ಇದೆ. ಪಂಚೆಯ ಮಾತು ಬೇಡ.) ಪಿಳ್ಳಮ್ಮ ನನ್ನನ್ನು ಎಬ್ಬಿಸಿ, ಮುನಿರಾಜುವನ್ನು ಏಣಿಯಿಂದ ಇಳಿಸಿ, ದೂರ ಕಳಿಸಿ ತಾನೂ ಹಿಂದೆ ಬಂದಳು. "ನೀವಿಲ್ಲೇ ಕೂತ್ರೆ ಅದು ಬಂದಾತಾ?"

ರಸ್ತೆಯಾಚೆ ನಿಂತೆವು. ವಿಮಾನವೊಂದು ತಲೆಯ ಮೇಲೆಯೇ ಇಳಿದುಹೋಯಿತು. ಮೂವರೂ ನೋಡುತ್ತಿದ್ದದ್ದು ಆ ಬೆರಳಗಲದ ಸಂದನ್ನು. ಮುಕ್ಕಾಲು ಗಂಟೆಯ ಮೇಲೆ ಗಂಡು ಬಂತು. ಒಳಗಿಂದ ಕೊಕ್ಕಿನ ತುದಿ ಹೊರಗೆ ಚಾಚಿತು. ಒಂದೊಂದೇ ಹಣ್ಣು ಒಳಗೆ ಹೋಯಿತು. ಮುನಿರಾಜು ಟವೆಲಿನಿಂದ ಮುಖ ಒರೆಸಿಕೊಂಡ. ಬೆವರೇ ಇರಬೇಕು.

ಅವನನ್ನು ಬೈಯಲೇ? ಸಂದು ಬಿಟ್ಟರೆ ಓನರ್ ಬೈಯುತ್ತಾರೆಂದು ಇಷ್ಟು ವರ್ಷ ಕಲಿತವನು. ಕಲಿಸಿದವರು ನಾವೇ. ಖಾಲಿ ಸೈಟ್ ಕಂಡರೆ ಬೇಲಿ, ಗೋಡೆಯಲ್ಲಿ ತೂತು ಕಂಡರೆ ಸಿಮೆಂಟ್. ಬಿಟ್ಟ ಜಾಗವೆಲ್ಲ ಯಾರೋ ಮರೆತ ಜಾಗ ಎಂದು ನಮಗೆ ಹೇಳಿದವರು ಯಾರು?

ಮರುದಿನ ಬೆಳಿಗ್ಗೆ ಹೋಗುವಷ್ಟರಲ್ಲಿ ಮುನಿರಾಜು ಅಲ್ಲಿದ್ದ. ಕಿತ್ತು ಬಂದಿದ್ದ ಜಾಗಕ್ಕೆ ಹೆಣ್ಣು ಒಳಗಿಂದಲೇ ಹೊಸದಾಗಿ ಮೆತ್ತಿಕೊಂಡಿತ್ತು. ಸಂದು ಮಾತ್ರ ಮೊದಲಿನಷ್ಟೇ.

"ಲೆವೆಲ್ ಇಲ್ಲ ಸಾರ್. ಆದ್ರೆ ಗಟ್ಟಿಯಾಗೈತೆ" ಎಂದ.

ಅದರ ಫೋಟೋ ತೆಗೆದು ಗ್ರೂಪಿಗೆ ಹಾಕಿದೆ. ಈ ಸಲ ಹೆಬ್ಬೆರಳಿಲ್ಲ. ಒಬ್ಬರು ಕೇಳಿದರು: "ಇದೇನ್ ಸಾರ್, ಮೇಸ್ತ್ರಿ ಕೆಲ್ಸ ಅರ್ಧಕ್ಕೆ ಬಿಟ್ಟು ಎಲ್ಲೋದ?"

ಮೇಸ್ತ್ರಿ ಒಳಗೇ ಇದ್ದಾರೆ, ಕೆಲಸ ಮುಗಿದ ಮೇಲೆ ಅವರೇ ಒಡೆದುಕೊಂಡು ಬರುತ್ತಾರೆ ಎಂದು ಬರೆದೆ.